ಏಳನೆಯ ದಿನದ ಎಣಿಕೆ

ಇಲ್ಲಿ ಇದಕ್ಕೆ ಕಪ್ಪೆಬೇಳೆ ಎಂದು ಹೆಸರು.
ಕಪ್ಪೆ ತಿನ್ನುವುದಿಲ್ಲ, ಬೇಯುವ ಬೇಳೆಯೂ ಅಲ್ಲ;
ನೀರಿನ ಮೇಲೆ ಯಾರೋ ಚೆಲ್ಲಿ ಮರೆತ ಹಸಿರು,
ಕಿರುಬೆರಳ ಉಗುರಿನ ಅರ್ಧವೂ ಇಲ್ಲದ ಎಲೆ,
ಎಲೆಗೊಂದೇ ಬೇರು, ನೂಲಿನೆಳೆ.

ಗಾಜಿನ ಬಟ್ಟಲಿಗೆ ಹನ್ನೆರಡು ಎಲೆ.
ಏಳು ಬಟ್ಟಲಿಗೆ ಏಳು ಅಳತೆಯ ಔಷಧ,
ಪಕ್ಕದ ಒಂದಕ್ಕೆ ಬರಿಯ ನೀರು.
ಏಳನೆಯ ದಿನ ಇಕ್ಕುಳ ಹಿಡಿದು ಕೂತು
ಎಣಿಸುವುದು ನನ್ನ ಕೆಲಸ.
ಹತ್ತೊಂಬತ್ತು ವರ್ಷದಿಂದ ಎಣಿಸುತ್ತಿದ್ದೇನೆ.

ಬರಿಯ ನೀರಿನಲ್ಲಿ ತಾಯಿಯ ಪಕ್ಕೆಯಿಂದ ಮಗಳು,
ಮಗಳ ಪಕ್ಕೆಯಿಂದ ಮೊಮ್ಮಗಳು,
ಬಾಣಂತನವಿಲ್ಲ, ತೊಟ್ಟಿಲಿಲ್ಲ,
ಹನ್ನೆರಡು ಇದ್ದದ್ದು ತೊಂಬತ್ತಾರು.

ಮೂರನೆಯ ಬಟ್ಟಲಿನಲ್ಲಿ ಎಲೆ ಸತ್ತಿರುವುದಿಲ್ಲ.
ಹಸಿರಾಗಿಯೇ ಇರುತ್ತದೆ, ಲಕ್ಷಣವಾಗಿ.
ಹೆರುವುದನ್ನಷ್ಟೇ ಬಿಟ್ಟಿರುತ್ತದೆ.
ಐದನೆಯದರಲ್ಲಿ ಬೇರು ಕಳಚಿ ತಳಕ್ಕೆ;
ಎಲೆ, ಒಗೆದೊಗೆದು ಬಣ್ಣ ಹೋದ ಅಂಗಿಯ ಗುಂಡಿ.
ಏಳನೆಯದನ್ನು ಎಣಿಸಲು ಕನ್ನಡಕ ಬೇಕಿಲ್ಲ.

ವರದಿಗೆ ಬೇಕಾದದ್ದು ಒಂದೇ ಅಂಕಿ:
ಎಷ್ಟು ಬೆರೆಸಿದರೆ ಬೆಳೆಯುವುದು ಅರ್ಧವಾಗುತ್ತದೆ.
ಅರ್ಧ.
ಯಾವ ಅರ್ಧ ಎಂದು ಕೇಳುವ ಜಾಗ
ಆ ಹಾಳೆಯಲ್ಲಿ ಇಲ್ಲ.

ಕೊರೊಶ್ ನದಿಯನ್ನು ಎಳೆದು ನೆಟ್ಟಗೆ ಮಾಡಿದಾಗ
ಕತ್ತರಿಸಿ ಬಿಟ್ಟ ತಿರುವಿಗೆ ನಮ್ಮವರು
ಸತ್ತ ಕೊರೊಶ್ ಎಂದು ಕರೆದರು.
ಜೀವವೆಲ್ಲ ಇದ್ದದ್ದು ಆ ಸತ್ತದ್ದರಲ್ಲೇ.
ಬಿಳಿ ನೈದಿಲೆ, ನೀರೊಳಗೆ ಬಾಚದ ಕೂದಲಿನಂಥ ಗಿಡ,
ಅಮ್ಮ ಎಟೆಲ್ಕಾ ದೋಣಿಯಂಚಿಗೆ ಬಗ್ಗಿ
ಎಳೆದು ಕೀಳುತ್ತಿದ್ದ ನೀರುಸಿಂಗಾಡ.
ನಾಲ್ಕು ಕೊಂಬಿನ ಕಪ್ಪು ಕಾಯಿ,
ಉಪ್ಪು ಹಾಕಿ ಬೇಯಿಸಿದರೆ ಒಳಗೆ ಬಿಳಿ ಹಿಟ್ಟು,
ಬರಿಗಾಲಿಗೆ ಚುಚ್ಚಿದರೆ ಮೂರು ದಿನ ಕುಂಟು.

ಈಗ ಯಾರೂ ಕುಂಟುವುದಿಲ್ಲ.
ಹುಟ್ಟಿಗೆ ಏನೂ ತೊಡರುವುದಿಲ್ಲ.
ಮೇ ತಿಂಗಳಲ್ಲಿ ಬುಡಾಪೆಸ್ಟ್‌ನಿಂದ ಬಂದವರು
ಎಷ್ಟು ಚೊಕ್ಕ ಎಂದು ಫೋಟೋ ತೆಗೆದುಕೊಂಡರು.
ಜುಲೈಗೆ ನೀರೇ ಹಸಿರು, ಡಬ್ಬ ಮಗುಚಿದ ಬಣ್ಣದ ಹಾಗೆ,
ಎಲೆಯಿಲ್ಲದ, ಬೇರಿಲ್ಲದ ಹಸಿರು.
ಹೊಲದ ಕಳೆಗೆ ಹಾಕಿದ್ದು
ಹೊಳೆಯ ಕಳೆಯನ್ನೂ ಕಳೆದಿತ್ತು.

ತಮ್ಮ ಬೋಲ್ದಿಝಾರ್ ದಡದ ಮೇಲೆ ಮುಸುಕಿನ ಜೋಳ ಬೆಳೆಯುತ್ತಾನೆ.
ಸಿಂಪಡಿಸಿ ಬಂದ ಟ್ಯಾಂಕು ತೊಳೆಯುವುದು
ಅಪ್ಪ ದೋಣಿ ಕಟ್ಟುತ್ತಿದ್ದ ಕಲ್ಲಿನ ಹತ್ತಿರವೇ.
‘ತಳದಲ್ಲಿ ಒಂದು ಲೋಟವೂ ಉಳಿದಿರಲ್ಲ, ಅಕ್ಕ.’
ಅವನು ಸುಳ್ಳು ಹೇಳುವವನಲ್ಲ.
ನಾನು ಅಳೆಯುವುದೂ ಲೋಟಗಳನ್ನಲ್ಲ.

ಉಪ್ಪಿನಕಾಯಿ ಜಾಡಿಯಲ್ಲಿ ಆ ಕಲ್ಲಿನ ಬುಡದ ನೀರು ತಂದು
ಯಾರಿಗೂ ಹೇಳದೆ ಇನ್ನೊಂದು ಬಟ್ಟಲು ಇಟ್ಟೆ.
ಚೀಟಿಯಲ್ಲಿ ‘ಮನೆ’ ಎಂದಷ್ಟೇ ಬರೆದೆ.
ಏಳನೆಯ ದಿನ, ಶನಿವಾರ, ಎಣಿಸಿದೆ: ನಲವತ್ತೊಂದು.
ಕೈ ತೊಳೆದು ಬಂದು ಮತ್ತೆ ಎಣಿಸಿದೆ,
ನನ್ನ ಕಣ್ಣೇ ತಪ್ಪಿರಲಿ ಎಂದುಕೊಂಡು.
ನಲವತ್ತೊಂದು.

ಭಾನುವಾರ ಅವನ ಮನೆಯಲ್ಲಿ ಊಟ,
ಕೆಂಪು ಮೆಣಸಿನ ಮೀನುಸಾರು.
ಹೇಳಿದೆ.
‘ಎಷ್ಟು ಆಗಬೇಕಿತ್ತು?’
‘ತೊಂಬತ್ತಾರು.’
ಚಮಚ ಬಟ್ಟಲಿನಂಚಿಗೆ ತಾಗಿ ನಿಂತಿತು.
ಆಮೇಲೆ ಅವನ ಮಗಳು ಬ್ರೆಡ್ ಕೇಳಿದಳು.
ಅವನು ಕೊಯ್ದು ಕೊಟ್ಟ, ಇಷ್ಟು ದಪ್ಪ,
ಮಗು ತಿನ್ನಲಾರದಷ್ಟು ದಪ್ಪ.
ಹೊರಡುವಾಗ ಗೇಟಿನ ತನಕ ಬಂದ. ಮಾತಾಡಲಿಲ್ಲ.
ಒಳ್ಳೆಯದೋ ಕೆಟ್ಟದ್ದೋ, ನನಗೆ ಗೊತ್ತಾಗಲಿಲ್ಲ.

ಸೋಮವಾರ ಬಟ್ಟಲು ತೊಳೆಯಲು ಎತ್ತಿದರೆ
ಬಣ್ಣ ಬಿಟ್ಟ ಒಂದು ಎಲೆಯ ಪಕ್ಕೆಯಲ್ಲಿ
ಗುಂಡುಸೂಜಿಯ ತಲೆಯಷ್ಟು ಹಸಿರು.
ಬರಿಗಣ್ಣಿಗೆ ಕಂಡದ್ದೆಲ್ಲ ಎಲೆ, ಅದು ನಿಯಮ.
ಏಳನೆಯ ದಿನಕ್ಕೆ ಎಣಿಕೆ ಮುಗಿಯಿತು, ಅದೂ ನಿಯಮ.
ಇದು ಒಂಬತ್ತನೆಯ ದಿನ.

ಬಟ್ಟಲನ್ನು ದೀಪದ ಕೆಳಗೆ ಮತ್ತೆ ಇಟ್ಟು
ಬೇರೆ ಬಟ್ಟಲುಗಳನ್ನು ತೊಳೆದೆ.